'ಹಾರ್ಡ್' ಎಂಬ ಒಂದು ಮಾತು, ಎರಡು ಪರಿಕಲ್ಪನೆ: ಕಾಯಿಲೋವರ್ ಸಸ್ಪೆನ್ಷನ್ ಮೂಲಕ ಸ್ಪ್ರಿಂಗ್ ಆಂದೋಲನದ ಪಾಠ

ತರಗತಿ: ಪ್ರಥಮ ಪಿಯುಸಿ, ಭೌತಶಾಸ್ತ್ರ
ಘಟಕ: ಆಂದೋಲನಗಳು
ಅವಧಿ: ಎರಡು ಪಿರಿಯಡ್

ಪೀಠಿಕೆ

ಸ್ಪ್ರಿಂಗಿನ ಆಂದೋಲನದ ಸೂತ್ರವನ್ನು ವಿದ್ಯಾರ್ಥಿಗಳು ಬೇಗ ಬಾಯಿಪಾಠ ಮಾಡುತ್ತಾರೆ. ಆದರೆ ಕಾರಿನಲ್ಲಿ ಸ್ಪ್ರಿಂಗಿನ ಕೆಲಸವೇನು, ಶಾಕ್ ಅಬ್ಸಾರ್ಬರಿನ ಕೆಲಸವೇನು ಎಂದು ಕೇಳಿದರೆ ಎರಡಕ್ಕೂ ಒಂದೇ ಉತ್ತರ ಬರುತ್ತದೆ. ನನ್ನ ಅಭ್ಯಾಸ ಬೋಧನೆಯ ತರಗತಿಯಲ್ಲಿ ಸಂಜೆ ಹೊತ್ತು ಮಾವನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗನಿದ್ದ. "ಮಿಸ್, ಕಾಯಿಲೋವರ್ ಹಾಕ್ಸಿದ್ರೆ ಗಾಡಿ ಹಾರ್ಡ್ ಆಗುತ್ತೆ, ತಿರುವಲ್ಲಿ ವಾಲಲ್ಲ" ಎಂದ. ಅವನ ಮಾತು ಸುಳ್ಳಲ್ಲ. ಆದರೆ 'ಹಾರ್ಡ್' ಎಂಬ ಆ ಒಂದು ಮಾತಿನಲ್ಲಿ ಬಿಗಿತ, ಅವಮಂದನ ಎರಡೂ ಅಡಗಿವೆ. ಅವೆರಡನ್ನು ಬಿಡಿಸಿ ತೋರಿಸುವುದೇ ಈ ಪಾಠದ ಉದ್ದೇಶ.

ವಿಷಯ ವಿಶ್ಲೇಷಣೆ

ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ ಸ್ಪ್ರಿಂಗನ್ನು ಕೂರಿಸಿ, ಹೊರಮೈಗೆ ಮರೆ ಕೊರೆದು, ಸ್ಪ್ರಿಂಗಿನ ತಳಕ್ಕೆ ತಿರುಗಿಸಬಹುದಾದ ಬಳೆಯೊಂದನ್ನು ಕೊಟ್ಟರೆ ಅದೇ ಹೊಂದಿಸಬಹುದಾದ ಕಾಯಿಲೋವರ್. ಬಳೆ ತಿರುಗಿಸಿದರೆ ಗಾಡಿಯ ಎತ್ತರ ಬದಲಾಗುತ್ತದೆ. ಅನೇಕ ಮಾದರಿಗಳಲ್ಲಿ ಮೇಲಿನ ಗುಂಡಿಯನ್ನು 'ಕ್ಲಿಕ್' ಲೆಕ್ಕದಲ್ಲಿ ತಿರುಗಿಸಿ ಎಣ್ಣೆ ಹರಿಯುವ ದಾರಿಯನ್ನು ಕಿರಿದು ಅಥವಾ ಅಗಲ ಮಾಡಬಹುದು. ಬಿಗಿತ ಬದಲಿಸಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಬೋಧನೋಪಕರಣಗಳು

ಒಂದೇ ಬಗೆಯ ಎರಡು ಸ್ಪ್ರಿಂಗ್, ಸ್ಟ್ಯಾಂಡ್, ತೂಕದ ಬಿಲ್ಲೆಗಳು, ಅಳತೆಪಟ್ಟಿ, ಸ್ಟಾಪ್‌ವಾಚ್, ಬಕೆಟ್ ನೀರು, ಪ್ಲಾಸ್ಟಿಕ್ ತಟ್ಟೆ.

ಹಂತ 1: ಎತ್ತರ ಬೇರೆ, ಬಿಗಿತ ಬೇರೆ

"ಬಳೆ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಯೇ?" ಎಂದು ಕೇಳಿದಾಗ ಹೆಚ್ಚಿನವರು ಹೌದೆಂದರು. ಸ್ಪ್ರಿಂಗಿಗೆ 200 ಗ್ರಾಂ ತೂಗುಹಾಕಿ ಎಷ್ಟು ಉದ್ದವಾಯಿತೆಂದು ಅಳೆಸಿದೆ. ಬಳಿಕ ಸ್ಟ್ಯಾಂಡಿನ ಹಿಡಿಕೆಯನ್ನು 5 ಸೆಂ.ಮೀ. ಮೇಲೇರಿಸಿ ಮತ್ತೆ ಅಳೆಸಿದೆ. ತೂಕ 5 ಸೆಂ.ಮೀ. ಮೇಲೆ ಬಂದಿತ್ತು, ಹಿಗ್ಗಿದ ಉದ್ದ ಮಾತ್ರ ಮೊದಲಿನಷ್ಟೇ. ಕಾರಿನ ಭಾರವನ್ನು ಹೊತ್ತ ಸ್ಪ್ರಿಂಗಿನಲ್ಲೂ ಹೀಗೆಯೇ: ಬಳೆ ಗಾಡಿಯನ್ನು ಎತ್ತುತ್ತದೆ, ಸ್ಪ್ರಿಂಗ್ ಸ್ಥಿರಾಂಕವನ್ನು ಮುಟ್ಟುವುದಿಲ್ಲ. ಬಲ ಮತ್ತು ಹಿಗ್ಗಿದ ಉದ್ದದ ನಕ್ಷೆಯ ಇಳಿಜಾರು ಬದಲಾಗದು ಎಂಬುದನ್ನು ಇಲ್ಲಿಯೇ ಕಪ್ಪುಹಲಗೆಯ ಮೇಲೆ ಬಿಡಿಸಬೇಕು.

ಹಂತ 2: ಬಿಗಿತ ಮತ್ತು ಆವೃತ್ತಿ

ಸ್ಥಿರಾಂಕ ಮೀಟರಿಗೆ 20 ನ್ಯೂಟನ್ ಇರುವ ಸ್ಪ್ರಿಂಗಿಗೆ 200 ಗ್ರಾಂ ಕಟ್ಟಿದರೆ 20 ಆಂದೋಲನಕ್ಕೆ ಸುಮಾರು 12.6 ಸೆಕೆಂಡು ಬೇಕು. ಅಂಥವೇ ಎರಡನ್ನು ಪಕ್ಕಪಕ್ಕ ಕಟ್ಟಿದರೆ ಸ್ಥಿರಾಂಕ ಇಮ್ಮಡಿಯಾಗಿ ಸುಮಾರು 8.9 ಸೆಕೆಂಡು ಸಾಕು. ಇಮ್ಮಡಿ ಬಿಗಿತಕ್ಕೆ ಇಮ್ಮಡಿ ವೇಗ ಬರಲಿಲ್ಲವೇಕೆ ಎಂಬ ಪ್ರಶ್ನೆಯಿಂದ ವರ್ಗಮೂಲ ತಾನಾಗಿ ಹೊರಬರುತ್ತದೆ.

ಈಗ ಕಾರಿಗೆ ಬರೋಣ. ಒಂದು ಚಕ್ರದ ಮೇಲೆ 300 ಕಿ.ಗ್ರಾಂ ಇದೆ ಎಂದುಕೊಳ್ಳೋಣ. ಸ್ಪ್ರಿಂಗು ಚಕ್ರದಷ್ಟೇ ಚಲಿಸುತ್ತದೆ ಎಂದೂ ಇಟ್ಟುಕೊಳ್ಳೋಣ. ಸ್ಥಿರಾಂಕ ಮಿ.ಮೀ.ಗೆ 30 ನ್ಯೂಟನ್ ಇದ್ದರೆ ಸ್ವಾಭಾವಿಕ ಆವೃತ್ತಿ ಸುಮಾರು 1.6 ಹರ್ಟ್ಸ್. 80 ನ್ಯೂಟನ್ ಇದ್ದರೆ ಸುಮಾರು 2.6 ಹರ್ಟ್ಸ್. ಮೊದಲನೆಯದು ದಿನಬಳಕೆಗೆ ಒಗ್ಗುತ್ತದೆ. ಎರಡನೆಯದು ನುಣುಪಾದ ರೇಸ್ ಟ್ರ್ಯಾಕಿಗೆ ಸರಿ. ಗುಂಡಿಬಿದ್ದ ರಸ್ತೆಯಲ್ಲಿ ಅದೇ ಗಾಡಿಯ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಆದ್ದರಿಂದ ಆಯ್ಕೆಯ ಮೊದಲ ಪ್ರಶ್ನೆ "ಗಾಡಿ ಎಲ್ಲಿ ಓಡಬೇಕು?" ಎಂಬುದು.

ಹಂತ 3: ಅವಮಂದನ

ತೂಕದ ಕೆಳಗೆ ತಟ್ಟೆ ಕಟ್ಟಿ, ಅದನ್ನು ನೀರಿನಲ್ಲಿ ಮುಳುಗಿಸಿ ಆಡಿಸಿದೆ. ಆಂದೋಲನ ಬೇಗ ನಿಂತಿತು. ತೂಕವನ್ನು ಹೆಚ್ಚಿಸಿದರೆ ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೆಂಬ ಲೆಕ್ಕ ಮಾತ್ರ ನೀರಿನಿಂದ ಬದಲಾಗಲಿಲ್ಲ. ಅವಮಂದನ ವೇಗವನ್ನು ತಡೆಯುತ್ತದೆ, ಭಾರವನ್ನು ಹೊರುವುದಿಲ್ಲ.

ಮೇಲಿನ ಕಾರಿನಲ್ಲಿ 30 ನ್ಯೂಟನ್ ಸ್ಪ್ರಿಂಗಿಗೆ ಸಂದಿಗ್ಧ ಅವಮಂದನ ಸೆಕೆಂಡಿಗೆ ಮೀಟರ್ ವೇಗಕ್ಕೆ 6000 ನ್ಯೂಟನ್. ಶಾಕ್ ಅಬ್ಸಾರ್ಬರ್ 1800 ಕೊಡುತ್ತಿದ್ದರೆ ಅನುಪಾತ 0.3. ಅದೇ ಶಾಕ್ ಅಬ್ಸಾರ್ಬರನ್ನು ಉಳಿಸಿ 80 ನ್ಯೂಟನ್ ಸ್ಪ್ರಿಂಗ್ ಹಾಕಿದರೆ ಸಂದಿಗ್ಧ ಮೌಲ್ಯ ಸುಮಾರು 9800ಕ್ಕೆ ಏರಿ, ಅನುಪಾತ 0.18ಕ್ಕೆ ಇಳಿಯುತ್ತದೆ. ಸ್ಪ್ರಿಂಗ್ 'ಹಾರ್ಡ್' ಆಯಿತು, ಗಾಡಿ ಮಾತ್ರ ಹಂಪು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರನ್ನು ಜೋಡಿಯಾಗಿ ಆರಿಸಬೇಕಾದದ್ದು ಇದಕ್ಕೇ.

ಹೊಂದಿಸುವ ಕ್ರಮವನ್ನು ವಿದ್ಯಾರ್ಥಿಗಳೇ ಬರೆದರು: ಮೊದಲು ಎತ್ತರ, ನಂತರ ಚಕ್ರಗಳ ಅಲೈನ್‌ಮೆಂಟ್ (ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ), ಕೊನೆಗೆ ಕ್ಲಿಕ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ರಸ್ತೆಯಲ್ಲಿ ಓಡಿಸಿ, ಗುರುತು ಹಾಕಿಕೊಳ್ಳಬೇಕು. ಒಂದು ಚರಾಂಶವನ್ನು ಬಿಟ್ಟು ಉಳಿದವನ್ನು ಸ್ಥಿರವಾಗಿಡುವ ಪ್ರಯೋಗ ವಿಧಾನವೇ ಇದು.

ಅನ್ವಯ

ಗ್ಯಾರೇಜಿನ ಹುಡುಗ ಕೇಳಿದ: "ಅಷ್ಟು ದುಡ್ಡು ಇಲ್ಲದವರು ಸ್ಪ್ರಿಂಗನ್ನೇ ಕಟ್ ಮಾಡಿಸ್ತಾರಲ್ಲ ಮಿಸ್, ಅದಕ್ಕೇನಾಗುತ್ತೆ?" ಉತ್ತರವನ್ನು ತರಗತಿಗೇ ಬಿಟ್ಟೆ. ಕೆಲಸ ಮಾಡುವ ಸುರುಳಿಗಳು 8 ಇದ್ದದ್ದು 6ಕ್ಕೆ ಇಳಿದರೆ ಬಿಗಿತ ಮೂರನೇ ಒಂದರಷ್ಟು ಹೆಚ್ಚುತ್ತದೆ. ಶಾಕ್ ಅಬ್ಸಾರ್ಬರ್ ಹಳೆಯದೇ. ಕುಗ್ಗಲು ಉಳಿದ ಜಾಗ ಕಡಿಮೆ. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರದು. ಕೊನೆಯ ಅಂಶವನ್ನು ಸೇರಿಸಿದವನು ಆ ಹುಡುಗನೇ. ವಾಹನದ ಮೂಲ ವಿವರಗಳ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿದೆ ಎಂಬುದನ್ನೂ ತಿಳಿಸಿದೆ. ಆದರೆ ಕಾನೂನಿಗಿಂತ ಮೊದಲು ಲೆಕ್ಕವೇ ಅವರಿಗೆ ಮನವರಿಕೆಯಾಗಿತ್ತು.

ಮೌಲ್ಯಮಾಪನ

1. ಬಳೆ, ಕ್ಲಿಕ್, ಸ್ಪ್ರಿಂಗ್ ಬದಲಾವಣೆ: ಇವುಗಳಲ್ಲಿ ಸ್ವಾಭಾವಿಕ ಆವೃತ್ತಿಯನ್ನು ಮುಖ್ಯವಾಗಿ ನಿರ್ಧರಿಸುವುದು ಯಾವುದು? ಕಾರಣ ಕೊಡಿ.
2. 300 ಕಿ.ಗ್ರಾಂ ಭಾರಕ್ಕೆ 30 ಮತ್ತು 80 ನ್ಯೂಟನ್ ಸ್ಪ್ರಿಂಗುಗಳು ಎಷ್ಟೆಷ್ಟು ಕುಗ್ಗುತ್ತವೆ? (ಸುಮಾರು 98 ಮತ್ತು 37 ಮಿ.ಮೀ.)
3. 'ಹಾರ್ಡ್' ಎಂಬ ಪದ ಬಳಸದೆ ಒಂದು ಗಾಡಿಯ ಸಸ್ಪೆನ್ಷನ್ನನ್ನು ವಿವರಿಸಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮೂರನೆಯ ಪ್ರಶ್ನೆಯೇ ಈ ಪಾಠದ ನಿಜವಾದ ಪರೀಕ್ಷೆ. ವಿದ್ಯಾರ್ಥಿಗಳು ಬೀದಿಯಿಂದ ತರುವ ಪದಗಳನ್ನು ತಪ್ಪೆಂದು ಅಳಿಸದೆ, ಅವುಗಳೊಳಗೆ ಎಷ್ಟು ಪರಿಕಲ್ಪನೆಗಳಿವೆ ಎಂದು ಮೊದಲು ಎಣಿಸಿ. ಪ್ರಯೋಗವನ್ನು ಆ ಎಣಿಕೆಗೆ ತಕ್ಕಂತೆ ಯೋಜಿಸಿದರೆ ಸೂತ್ರವನ್ನು ಹೇರಬೇಕಾಗಿ ಬರುವುದಿಲ್ಲ.