ನಲ್ಲಿ ಬಿಟ್ಟು ಮೀಟರ್ ನೋಡಿ

ಲಂಡನ್ನಿನ ಹೊಸ ಅಪಾರ್ಟ್‌ಮೆಂಟುಗಳಿಗೆ ಬಾಡಿಗೆಗೆ ಬರುವ ನಮ್ಮವರು ಗ್ಯಾಸ್ ಬಾಯ್ಲರ್ ಎಲ್ಲಿದೆ ಎಂದು ಹುಡುಕುತ್ತಾರೆ. ಬಹಳ ಕಡೆ ಅದು ಇರುವುದೇ ಇಲ್ಲ. ಕಪಾಟಿನೊಳಗೆ ಬೆಂಕಿಯೇ ಇಲ್ಲದ ಒಂದು ಪೆಟ್ಟಿಗೆ ಇರುತ್ತದೆ. ಅದೇ ಹೀಟ್ ಇಂಟರ್‌ಫೇಸ್ ಯೂನಿಟ್, ನಮ್ಮ ಬಾಯಲ್ಲಿ ಎಚ್‌ಐಯು. ಕಟ್ಟಡಕ್ಕೆಲ್ಲ ಒಂದೇ ಕಡೆ ಕಾಯಿಸಿದ ನೀರು ಪೈಪಿನಲ್ಲಿ ಮನೆಮನೆಗೂ ಬಂದು, ಈ ಪೆಟ್ಟಿಗೆಯ ತೆಳು ಸ್ಟೀಲ್ ಪ್ಲೇಟುಗಳ ಒಂದು ಬದಿಯಲ್ಲಿ ಹರಿಯುತ್ತದೆ. ಇನ್ನೊಂದು ಬದಿಯಲ್ಲಿ ನಲ್ಲಿಯ ತಣ್ಣೀರು. ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ. ಕೇಂದ್ರದಿಂದ ಮನೆಗಳಿಗೆ ಶಾಖ ಕಳಿಸುವ ಪದ್ಧತಿ ಇಲ್ಲಿ ಹೊಸದಲ್ಲ. ಬ್ಯಾಟರ್‌ಸೀ ವಿದ್ಯುತ್ ಸ್ಥಾವರದಲ್ಲಿ ಉಳಿದ ಶಾಖವನ್ನು ಥೇಮ್ಸ್ ನದಿಯಡಿಯ ಪೈಪಿನಲ್ಲಿ ಪಿಮ್ಲಿಕೊ ಬಡಾವಣೆಗೆ ತಂದದ್ದು 1950ರಷ್ಟು ಹಿಂದೆ.

ಬಿಸಿನೀರು ಬಾರದ ದೂರು ಬಂದಾಗ ಈ ಪೆಟ್ಟಿಗೆಗಳ ಮುಂದೆ ಕೂತು ಕಲಿತದ್ದು ಇಷ್ಟು.

1. ಸ್ಕ್ರೂಡ್ರೈವರ್ ತೆಗೆಯುವ ಮುಂಚೆ ಮನೆಯವರ ಮಾತು ಕೇಳಿ

ಎಲ್ಲ ನಲ್ಲಿಯಲ್ಲೂ ತಣ್ಣಗೋ, ಶವರ್ ಒಂದರಲ್ಲೋ? ದಿನವಿಡೀ ಹೀಗೆಯೋ, ಬೆಳಿಗ್ಗೆ ಎಲ್ಲರೂ ಸ್ನಾನಕ್ಕಿಳಿಯುವ ಹೊತ್ತಿಗೆ ಮಾತ್ರವೋ? ರೇಡಿಯೇಟರ್ ಬಿಸಿಯಾಗುತ್ತಿದೆಯೇ? ಪಕ್ಕದ ಮನೆಯವರದೂ ಇದೇ ಪಾಡೇ? ಬೆಳಗಿನ ಹೊತ್ತು ಒಂದೇ ಸಾಲಿನ ಮನೆಗಳೆಲ್ಲ ತಣ್ಣಗಾಗುತ್ತಿದ್ದರೆ ತೊಂದರೆ ಇರುವುದು ಕಟ್ಟಡದ ಪಂಪಿನಲ್ಲೋ ಒತ್ತಡದಲ್ಲೋ. ಅಂಥ ಕಡೆ ಮನೆಯ ಪೆಟ್ಟಿಗೆ ಬಿಚ್ಚಿದರೆ ಬಾಡಿಗೆದಾರರಿಗೆ ಖರ್ಚು, ನಮಗೆ ವ್ಯರ್ಥ ಕೆಲಸ.

2. ಶಾಖದ ಮೀಟರ್ ಬಿಲ್ಲಿಗೆ ಮಾತ್ರ ಅಲ್ಲ

ಎಲ್ಲಕ್ಕಿಂತ ಮುಖ್ಯವಾದ ಪಾಠ ಇದು. ಅಡುಗೆಮನೆಯ ಬಿಸಿನೀರಿನ ನಲ್ಲಿ ಪೂರ್ತಿ ಬಿಡಿ. ಕೆಲವು ಮೀಟರ್‌ಗಳು ನಿಧಾನವಾಗಿ ಅಂಕಿ ಬದಲಿಸುತ್ತವೆ, ಆದ್ದರಿಂದ ಎರಡು ನಿಮಿಷ ಕಾಯಿರಿ. ಆಮೇಲೆ ಮೀಟರಿನ ಗುಂಡಿ ಒತ್ತುತ್ತ ಹೋದರೆ ಒಳಬರುವ ನೀರಿನ ಉಷ್ಣಾಂಶ, ಹಿಂದಿರುಗುವ ನೀರಿನ ಉಷ್ಣಾಂಶ, ಗಂಟೆಗೆ ಎಷ್ಟು ಲೀಟರ್ ಹರಿವು ಎಂಬ ಮೂರೂ ಸಿಗುತ್ತವೆ.

ಲೆಕ್ಕ ಸರಳ. ನಿಮಿಷಕ್ಕೆ 10 ಲೀಟರ್ ನೀರನ್ನು 10 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 28 ಕಿಲೋವಾಟ್ ಬೇಕು. ಕಟ್ಟಡದ ನೀರು 70 ಡಿಗ್ರಿಯಲ್ಲಿ ಬಂದು 25ರಲ್ಲಿ ಹಿಂದಿರುಗುತ್ತಿದ್ದರೆ, ಅಷ್ಟು ಶಾಖ ಕೊಡಲು ಗಂಟೆಗೆ 530 ಲೀಟರಿನಷ್ಟು ಹರಿಯಬೇಕು. ಮೀಟರ್ 200 ತೋರಿಸುತ್ತಿದೆ, ಹಿಂದಿರುಗುವ ನೀರು ತಣ್ಣಗಿದೆ ಎಂದರೆ ಪ್ಲೇಟು ತನ್ನ ಕೆಲಸ ಮಾಡುತ್ತಿದೆ, ಅದಕ್ಕೆ ನೀರು ಸಾಲುತ್ತಿಲ್ಲ. ಕಟ್ಟಿಕೊಂಡ ಸ್ಟ್ರೈನರ್ (ಕಸ ತಡೆಯುವ ಜಾಲರಿ), ಅರ್ಧ ಮುಚ್ಚಿದ ವಾಲ್ವ್, ಕಟ್ಟಡದ ಒತ್ತಡ, ಇವನ್ನು ನೋಡಿ.

ಹರಿವು ಧಾರಾಳವಾಗಿದೆ, ನಲ್ಲಿ ನೀರು ಉಗುರುಬೆಚ್ಚಗಿದೆ, ಹಿಂದಿರುಗುವ ನೀರು 50 ಡಿಗ್ರಿ ಆಸುಪಾಸಿನಲ್ಲಿದೆ ಎಂದರೆ ಶಾಖ ಪ್ಲೇಟು ದಾಟುತ್ತಿಲ್ಲ. ಆಗ ಅನುಮಾನ ಪ್ಲೇಟಿಗೆ ಕಟ್ಟಿದ ಸುಣ್ಣದ ಮೇಲೆ. ಹರಿವು ಸೊನ್ನೆ ಎಂದರೆ ವಾಲ್ವ್ ತೆರೆದೇ ಇಲ್ಲ. ಪೆಟ್ಟಿಗೆಗೆ ಕರೆಂಟ್ ಇದೆಯೇ, ನಲ್ಲಿ ಬಿಟ್ಟದ್ದು ಫ್ಲೋ ಸೆನ್ಸರಿಗೆ ತಿಳಿಯಿತೇ, ವಾಲ್ವ್ ಮೋಟರ್ ಅಲುಗಿತೇ ಎಂದು ಒಂದೊಂದಾಗಿ ನೋಡಬೇಕು. ಸೆನ್ಸರಿನ ಪುಟ್ಟ ಚಕ್ರಕ್ಕೆ ಮರಳಿನ ಒಂದು ಕಣ ಸಿಕ್ಕಿಕೊಂಡರೂ ಸಾಕು, ಮನೆಗೆಲ್ಲ ತಣ್ಣೀರು. ಇನ್ನು ಒಳಬರುವ ನೀರೇ 48 ಡಿಗ್ರಿ ಇದ್ದರೆ ಯಾವ ಎಚ್‌ಐಯುವೂ 50 ಡಿಗ್ರಿ ಕೊಡಲಾರದು. ಪೆಟ್ಟಿಗೆ ಮುಚ್ಚಿ, ಕಟ್ಟಡದವರಿಗೆ ಫೋನ್ ಮಾಡಿ.

3. ಪ್ಲೇಟು ಬದಲಿಸುವ ಮುಂಚೆ ಸ್ಟ್ರೈನರ್ ತೊಳೆಯಿರಿ

ಎರಡು ಕಡೆಯ ವಾಲ್ವ್ ಮುಚ್ಚಿ, ಒತ್ತಡ ಇಳಿಸಿ, ನೀರು ಆರಲು ಬಿಟ್ಟು, ಆಮೇಲೆ ಮುಚ್ಚಳ ಬಿಚ್ಚಬೇಕು. ಹೊಸ ಕಟ್ಟಡವಾದರೆ ಜಾಲರಿಯಲ್ಲಿ ಲೋಹದ ಚೂರು, ಜಾಯಿಂಟಿಗೆ ಸುತ್ತಿದ ನಾರು, ಬಿಳಿ ಟೇಪಿನ ತುಣುಕು ಸಿಗುತ್ತವೆ. ಹಳೆಯದಾದರೆ ಬೆರಳಿಗೆ ಮೆತ್ತುವ ಕಪ್ಪು ಕೆಸರು. ಅದು ಪೈಪಿನ ಉಕ್ಕು ತುಕ್ಕು ಹಿಡಿದು ಆದ ಕಬ್ಬಿಣದ ಆಕ್ಸೈಡ್, ಅಯಸ್ಕಾಂತ ಹಿಡಿದರೆ ಅಂಟುತ್ತದೆ. ತೊಳೆದ ಸ್ವಲ್ಪ ದಿನಕ್ಕೇ ಮತ್ತೆ ತುಂಬಿಕೊಂಡರೆ ಇಡೀ ಕಟ್ಟಡದ ನೀರೇ ಕೆಟ್ಟಿದೆ ಎಂದರ್ಥ. ಮನೆಯೊಂದರಲ್ಲಿ ಎಷ್ಟು ತೊಳೆದರೂ ಅದು ಸರಿಹೋಗದು. ಇದನ್ನು ಕಟ್ಟಡದವರಿಗೆ ಬರಹದಲ್ಲಿ ತಿಳಿಸಿ, ಫೋಟೋ ಜೊತೆಗಿಡಿ.

4. ಸುಣ್ಣ ಊರನ್ನು ನೋಡಿ ಕಟ್ಟುತ್ತದೆ

ಲಂಡನ್ನಿನ ನೀರು ಸೀಮೆಸುಣ್ಣದ ಕಲ್ಲಿನ ನೆಲದಿಂದ ಬರುವಂಥದ್ದು, ಬಲು ಗಡಸು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನಿಂದ ಗೀಸರ್ ಕಾಯಿಲ್ ಹಾಳು ಮಾಡಿಕೊಂಡವರಿಗೆ ವಿವರಿಸಬೇಕಿಲ್ಲ. ಗ್ಲಾಸ್ಗೊದಲ್ಲಿ ಲಾಕ್ ಕ್ಯಾಟ್ರಿನ್ ಸರೋವರದ ಮೆದು ನೀರು, ಅಲ್ಲಿ ಪ್ಲೇಟಿಗೆ ಈ ಕಾಟವಿಲ್ಲ. 60 ಡಿಗ್ರಿ ದಾಟಿದ ಮೇಲೆ ಸುಣ್ಣ ಕಟ್ಟುವ ವೇಗ ಹೆಚ್ಚು. ಆದ್ದರಿಂದ ಬಿಸಿನೀರನ್ನು 50ರಿಂದ 55ಕ್ಕೆ ಇಡುವುದು ಒಳ್ಳೆಯದು. ಲೀಜನೆಲ್ಲಾ ಬ್ಯಾಕ್ಟೀರಿಯಾದ ಹೆದರಿಕೆಯಿಂದ 60ಕ್ಕೇ ಇಡಿ ಎನ್ನುವವರಿದ್ದಾರೆ. ಟ್ಯಾಂಕಿನಲ್ಲಿ ಸಂಗ್ರಹಿಸುವ ನೀರಿಗೆ ಆ ನಿಯಮ ಸರಿ. ಈ ಪೆಟ್ಟಿಗೆ ಬಿಸಿನೀರನ್ನು ಸಂಗ್ರಹಿಸುವುದಿಲ್ಲ, ಬೇಕೆಂದಾಗ ಕಾಯಿಸುತ್ತದೆ.

ಸುಣ್ಣ ತೆಳುವಾಗಿದ್ದರೆ ಸೌಮ್ಯ ಆಮ್ಲ ಹರಿಸಿ ತೊಳೆಯಬಹುದು, ಗಟ್ಟಿಯಾಗಿದ್ದರೆ ಪ್ಲೇಟು ಬದಲಿಸುವುದೇ ಸರಿ. ಒಂದು ಎಚ್ಚರಿಕೆ: ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಬಣ್ಣ ಅಥವಾ ವಾಸನೆ ಕಂಡರೆ ಪ್ಲೇಟು ಒಳಗೇ ತೂತು ಬಿದ್ದಿರಬಹುದು. ಕಟ್ಟಡದ ನೀರಿನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ. ಆ ನೀರನ್ನು ಬಳಸಬೇಡಿ, ತಕ್ಷಣ ನಿಲ್ಲಿಸಿ.

5. ತಪ್ಪು ಶವರಿನದೂ ಆಗಿರಬಹುದು

ಪೂರ್ವ ಲಂಡನ್ನಿನಲ್ಲಿರುವ ಒಂದು ಕನ್ನಡ ಕುಟುಂಬದ ಮನೆ. ‘ಎರಡು ಸಲ ಪ್ಲೇಟು ಬದಲಿಸಿ ಹೋಗಿದ್ದಾರೆ ಸಾರ್, ನೀರು ಮಾತ್ರ ಹಾಗೇ ಇದೆ’ ಎಂದರು ಮನೆಯೊಡತಿ. ಎಚ್‌ಐಯುಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಅಡುಗೆಮನೆಯ ಬಿಸಿನೀರಿನ ನಲ್ಲಿ ಬಿಟ್ಟೆ. ಪೈಪಿನಲ್ಲಿದ್ದದ್ದು ಸುರಿದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಸಣ್ಣ ಧಾರೆಯಾಗಿ ಬರುತ್ತಲೇ ಇತ್ತು. ಶವರಿನ ಮಿಕ್ಸರ್ ಒಳಗೆ ನೀರು ಹಿಮ್ಮುಖವಾಗಿ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಸೋತು, ತಣ್ಣೀರು ಅಲ್ಲಿಂದ ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು. ಮಿಕ್ಸರಿನ ಕಾರ್ಟ್ರಿಜ್ಜು, ಚೆಕ್ ವಾಲ್ವ್ ಬದಲಿಸಿದ ಮೇಲೆ ಎಲ್ಲ ಸರಿಯಾಯಿತು. ಹಳೆಯ ಪ್ಲೇಟುಗಳು ಪಾಪ, ಏನೂ ಮಾಡಿರಲಿಲ್ಲ. ಸೋಲಾರ್ ಬಿಸಿನೀರಿಗೆ ಪ್ರೆಷರ್ ಪಂಪಿನ ತಣ್ಣೀರು ಸೇರುವ ಬೆಂಗಳೂರಿನ ಮನೆಗಳಲ್ಲೂ ಇದೇ ರೋಗವಿದೆ. ವಾಲ್ವ್ ಮುಚ್ಚಿ ನೋಡುವ ಈ ಪರೀಕ್ಷೆಗೆ ಒಂದು ಕಾಸೂ ಬೇಡ. ಎಷ್ಟೋ ಮೆಕ್ಯಾನಿಕ್‌ಗಳು ಇದನ್ನು ಬಿಟ್ಟುಬಿಡುವುದೇ ನನಗೆ ಬೇಸರದ ವಿಷಯ.

6. ಚಳಿಗಾಲದ ದೂರೆಲ್ಲ ಕೆಟ್ಟ ಯಂತ್ರದ್ದಲ್ಲ

ಬೇಸಿಗೆಯಲ್ಲಿ 20 ಡಿಗ್ರಿಯಷ್ಟಿರುವ ತಣ್ಣೀರು ಜನವರಿಯಲ್ಲಿ 5ರ ಹತ್ತಿರ ಇಳಿಯುತ್ತದೆ. ಅದೇ ಪೆಟ್ಟಿಗೆ ಒಂದೂವರೆಪಟ್ಟು ದುಡಿಯಬೇಕು. ದೊಡ್ಡ ಶವರ್ ಹಾಕಿಸಿಕೊಂಡಿದ್ದರೆ ನೀರಿನ ಹರಿವನ್ನು ಸ್ವಲ್ಪ ತಗ್ಗಿಸಿ ನೋಡಿ.

7. ಬಿಸಿನೀರು ತಡವಾಗಿ ಬಂದರೆ

ಪ್ಲೇಟನ್ನು ಸದಾ ಬೆಚ್ಚಗಿಡುವ ಸೌಲಭ್ಯ ಆಫ್ ಆಗಿರಬಹುದು, ಇಲ್ಲವೇ ಬಚ್ಚಲಿನವರೆಗಿನ ಪೈಪು ಉದ್ದವಿರಬಹುದು. ಬೆಚ್ಚಗಿಡಲೂ ಶಾಖ ಖರ್ಚಾಗುತ್ತದೆ, ಅದು ಬಿಲ್ಲಿಗೆ ಸೇರುತ್ತದೆ. ಎರಡನ್ನೂ ಹೇಳಿ, ಆಯ್ಕೆಯನ್ನು ಮನೆಯವರಿಗೆ ಬಿಡಿ.

8. ಅಂಕಿಗಳನ್ನು ಬರೆದುಕೊಟ್ಟು ಬನ್ನಿ

ಮೀಟರಿನ ಆ ಮೂರು ಅಂಕಿ, ನಲ್ಲಿ ನೀರಿನ ಉಷ್ಣಾಂಶ, ನಿಮಿಷಕ್ಕೆ ಎಷ್ಟು ಲೀಟರ್, ಹೊತ್ತು ಯಾವುದು: ಇಷ್ಟನ್ನು ಕೆಲಸಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬರೆಯಬೇಕು. ಇಲ್ಲದಿದ್ದರೆ ಮುಂದೆ ಬರುವವನು ಮತ್ತೆ ಪ್ಲೇಟಿಗೇ ಕೈಹಾಕುತ್ತಾನೆ.

ಈ ಮನೆಗಳಲ್ಲಿರುವವರಿಗೂ ಒಂದು ಮಾತು. ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ, ಒಳಗೆ ಸುಡುವ ನೀರು ಒತ್ತಡದಲ್ಲಿರುತ್ತದೆ. ನಲ್ಲಿ ಬಿಟ್ಟು, ಎರಡು ನಿಮಿಷ ಕಾದು, ಮೀಟರಿನ ಫೋಟೋ ತೆಗೆದು ದೂರಿನ ಜೊತೆ ಕಳಿಸಿ. 2023ರ ಎನರ್ಜಿ ಕಾಯ್ದೆಯ ಪ್ರಕಾರ ಇಂಥ ಶಾಖ ಜಾಲಗಳು ಈಗ ಇಲ್ಲಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್‌ನ ನಿಯಂತ್ರಣಕ್ಕೆ ಬಂದಿವೆ. ಪೂರೈಕೆದಾರರು ಸ್ಪಂದಿಸದಿದ್ದರೆ ಎನರ್ಜಿ ಓಂಬುಡ್ಸ್‌ಮನ್ ಬಳಿಗೆ ಹೋಗುವ ಹಕ್ಕು ನಿಮಗಿದೆ. ಆ ಫೋಟೋ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.