ಪ್ರವೇಶ ಪರೀಕ್ಷೆಯ ಬಳಿಕ: ನಿದ್ರೆ, ಆಹಾರ ಮತ್ತು ಮನಸ್ಸು

ಮಂಗಳೂರಿನ ಕಸ್ತೂರಬಾ, ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೋಯ ಮೊದಲಾದ ವೈದ್ಯಕೀಯ ಕಾಲೇಜುಗಳಲ್ಲಿ ಓದಲು ದಾವಣಗೆರೆ, ಧಾರವಾಡ, ಕಲಬುರಗಿಗಳಿಂದಲೂ ಮಕ್ಕಳು ಬರುತ್ತಾರೆ. ಎಂ.ಬಿ.ಬಿ.ಎಸ್. ಮುಗಿದೊಡನೆ ಅವರ ಮುಂದೆ ನಿಲ್ಲುವುದು ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ನೀಟ್ ಪಿಜಿ ಪರೀಕ್ಷೆ: ಮೂರೂವರೆ ಗಂಟೆ, 200 ಪ್ರಶ್ನೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಇದಕ್ಕಾಗಿ ಒಂದೆರಡು ವರ್ಷ ಕೋಣೆಯೊಳಗೇ ಕಳೆದವರು ಅನೇಕರು.

ಪರೀಕ್ಷೆ ಮುಗಿದರೆ ಎಲ್ಲವೂ ಸರಿಹೋಗುವುದೆಂದು ಮನೆಯವರು ಭಾವಿಸುತ್ತಾರೆ. ವಾಸ್ತವದಲ್ಲಿ ಕಾಯುವಿಕೆ ಆಗ ಆರಂಭವಾಗುತ್ತದೆ. 2025ರಲ್ಲಿ ಪರೀಕ್ಷೆ ಆಗಸ್ಟ್ 3ರಂದು ನಡೆದು ಫಲಿತಾಂಶ 19ರಂದು ಬಂದಿತು. ಸೀಟು ಹಂಚಿಕೆಯ ನೋಂದಣಿ ಮೊದಲಾದುದು ಅಕ್ಟೋಬರಿನಲ್ಲಿ. ಅದಕ್ಕೂ ಹಿಂದಿನ ವರ್ಷ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿ, ಆಗಸ್ಟ್ 11ಕ್ಕೆ ನಡೆಸಲಾಯಿತು. ಇಂತಹ ಅನಿಶ್ಚಿತತೆಯಲ್ಲಿ ದೇಹ ಸುಲಭವಾಗಿ ವಿಶ್ರಾಂತಿಗೆ ಇಳಿಯದು.

ಮೊದಲ ವಾರದಲ್ಲಿ ತಲೆನೋವು, ಕಾರಣವಿಲ್ಲದ ಅಳು, ಹಗಲೆಲ್ಲ ನಿದ್ರೆ ಕಾಣಿಸಿಕೊಳ್ಳಬಹುದು. ಬಹುಕಾಲದ ಒತ್ತಡ ಒಮ್ಮೆಲೇ ಸಡಿಲವಾದಾಗ ತಲೆನೋವು ಮರುಕಳಿಸುವುದು ವೈದ್ಯರಿಗೆ ಪರಿಚಿತವೇ. ಎರಡು ಮೂರು ದಿನ ಮಕ್ಕಳು ಹೆಚ್ಚು ಮಲಗಿದರೆ ಗದರಿಸಬೇಕಾಗಿಲ್ಲ. ಆದರೆ ಬೆಳಗಿನ ಜಾವ ಮಲಗಿ ಮಧ್ಯಾಹ್ನ ಏಳುವ ರೂಢಿ ವಾರಗಟ್ಟಲೆ ಮುಂದುವರಿದರೆ ದೇಹದ ಗಡಿಯಾರ ಕೆಡುತ್ತದೆ. ಅದನ್ನು ಸರಿಪಡಿಸುವಾಗ ಹಲವರು ಬೇಗ ಮಲಗಲು ಯತ್ನಿಸಿ, ನಿದ್ರೆ ಬಾರದೆ ಹೊರಳಾಡಿ ಸೋಲುತ್ತಾರೆ. ಮಲಗುವ ವೇಳೆಯನ್ನು ಬಿಟ್ಟು ಏಳುವ ವೇಳೆಯನ್ನು ಹಿಡಿಯಬೇಕು. ರಾತ್ರಿ ನಿದ್ರೆ ಹೇಗೇ ಆಗಿರಲಿ, ನಿತ್ಯ ಒಂದೇ ಹೊತ್ತಿಗೆ ಎದ್ದು ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿರಬೇಕು. ಕಣ್ಣಿಗೆ ಬೀಳುವ ಬೆಳಕೇ ಮಿದುಳಿಗೆ ಹಗಲಿನ ಸೂಚನೆ. ಅದು ದೊರೆತರೆ ರಾತ್ರಿಯ ನಿದ್ರೆ ತಾನಾಗಿಯೇ ಹಿಂದಕ್ಕೆ ಸರಿಯುತ್ತದೆ. ಆಗಸ್ಟಿನ ಮಂಗಳೂರಿನಲ್ಲಿ ಸೂರ್ಯನೆಲ್ಲಿ ಎಂದು ಕೇಳಬಹುದು. ಮೋಡ ಕವಿದ ಆಕಾಶದ ಬೆಳಕೂ ಕೋಣೆಯ ದೀಪಕ್ಕಿಂತ ಹಲವು ಪಟ್ಟು ಪ್ರಖರವಾದುದು. ಮಳೆ ಸುರಿಯುತ್ತಿದ್ದರೆ ಜಗಲಿಯಲ್ಲಿ ಕುಳಿತರೂ ಸಾಕು. ಹೊಳವಾದಾಗ ಕದ್ರಿ ಉದ್ಯಾನದಲ್ಲಿ ನಡೆಯಬಹುದು. ಮಳೆಗಾಲದಲ್ಲಿ ಪಣಂಬೂರಿನ ಕಡಲಿಗಿಳಿಯುವುದು ಮಾತ್ರ ಬೇಡ.

ಕಾಫಿಯ ವಿಷಯ. ಓದಿನ ದಿನಗಳಲ್ಲಿ ಐದಾರು ಲೋಟ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು, ಜಡತೆ ಬರುತ್ತದೆ. ಎರಡು ಮೂರು ದಿನಕ್ಕೊಂದು ಲೋಟದಂತೆ ತಗ್ಗಿಸುವುದು ಲೇಸು. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ಬಳಿಕವೂ ದೇಹದಲ್ಲಿ ಉಳಿದಿರುವುದರಿಂದ ಮಧ್ಯಾಹ್ನದ ನಂತರ ಕಾಫಿ ಬೇಡ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಮಜ್ಜಿಗೆಗಳು ಹಿತವಾದವು. ಊರಿಗೆ ಮರಳಿದವರಿಗೆ ರೊಟ್ಟಿ, ಬೇಳೆ, ಸೊಪ್ಪು ಇದ್ದೇ ಇವೆ.

ಇನ್ನು ಮೊಬೈಲ್. ಪರೀಕ್ಷೆ ಗಣಕಯಂತ್ರದಲ್ಲಿ ನಡೆಯುವುದರಿಂದ ಪ್ರಶ್ನೆಪತ್ರಿಕೆ ಕೈಗೆ ಬರುವುದಿಲ್ಲ. ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ನೆನಪಿನಿಂದ ಪ್ರಶ್ನೆಗಳನ್ನು ಹೆಕ್ಕಿ ತಪ್ಪುಗಳನ್ನೆಣಿಸುವುದು ನಡುರಾತ್ರಿಯವರೆಗೂ ನಡೆಯುತ್ತದೆ. ಈ ಲೆಕ್ಕದಿಂದ ಅಂಕವೊಂದೂ ಹೆಚ್ಚುವುದಿಲ್ಲ, ನಿದ್ರೆ ಮಾತ್ರ ಹೋಗುತ್ತದೆ. ಹೆತ್ತವರ “ಎಷ್ಟು ಬರಬಹುದು?” ಎಂಬ ನಿತ್ಯದ ಪ್ರಶ್ನೆಯೂ ಇದೇ ಸಾಲಿನದು. ನೆಂಟರು ಫೋನ್ ಮಾಡಿ ಕೇಳಿದಾಗ “ಫಲಿತಾಂಶ ಬಂದ ಮೇಲೆ ತಿಳಿಸುತ್ತೇವೆ” ಎಂದು ತಾಯಿತಂದೆಗಳೇ ಉತ್ತರಿಸಿದರೆ ಮಗುವಿನ ಮೇಲಿನ ಅರ್ಧ ಭಾರ ಇಳಿದಂತೆ.

ಬೇಸರವೆಲ್ಲ ಕಾಯಿಲೆಯಲ್ಲ. ಆದರೆ ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವಿಕೆ, ಹಸಿವು ನಿದ್ರೆಗಳ ಏರುಪೇರು ಎರಡು ವಾರಕ್ಕೂ ಮೀರಿದರೆ ಅದು ಖಿನ್ನತೆಯಾಗಿರಬಹುದು, ಮನೋವೈದ್ಯರನ್ನು ಕಾಣಬೇಕು. ತಾವೇ ವೈದ್ಯರಾದವರು ಈ ಹೆಜ್ಜೆಯನ್ನಿಡಲು ಇನ್ನಷ್ಟು ಹಿಂಜರಿಯುತ್ತಾರೆ, ಆದುದರಿಂದ ಮನೆಯವರು ಜೊತೆಯಲ್ಲಿ ಹೋಗುವುದು ಒಳ್ಳೆಯದು. ಬದುಕುವುದು ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು. ವಿದ್ಯಾರ್ಥಿಯೇ ಕರೆ ಮಾಡಬೇಕೆಂದಿಲ್ಲ, ಗಾಬರಿಗೊಂಡ ತಾಯಿಯೂ ಮಾಡಬಹುದು.