ಸೊಪ್ಪು ಬಿಡಿಸಬೇಡಿ, ನಾಡಿ ಎಣಿಸಿ

ನಿಮ್ಮ ಅತ್ತೆಯವರ ಎರಡು ಮಾತ್ರೆಗಳ ಕೆಲಸ ಬೇರೆ ಬೇರೆ. ಡಿಗಾಕ್ಸಿನ್ ಎದೆಬಡಿತದ ಓಟ ತಗ್ಗಿಸುತ್ತದೆ. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ.

ಡಿಗಾಕ್ಸಿನ್ ಕೊಡುವ ಮೊದಲು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ತಾಳತಪ್ಪಿದ ನಾಡಿಗೆ ನಡೆಯುವುದಿಲ್ಲ. 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುವುದು, ಇವನ್ನು ‘ಪಿತ್ತ’ ಎಂದು ತಳ್ಳಿಹಾಕಬೇಡಿ. ಮದ್ದು ಮೈಯಲ್ಲಿ ಹೆಚ್ಚಾಗಿರಬಹುದು.

ಇನ್ನು ಸೊಪ್ಪು. ನೆರೆಮನೆಯವರು ಹೇಳಿದರೆಂದು ಪೂರ್ತಿ ಬಿಡಿಸಬೇಕಿಲ್ಲ. ಸೊಪ್ಪಿನಲ್ಲಿರುವ ಕೆ ವಿಟಮಿನ್ ವಾರ್ಫರಿನ್‌ಗೆ ಎದುರಾಳಿ, ನಿಜ. ಆದರೆ ತೊಂದರೆ ಬರುವುದು ವಾರವಿಡೀ ಮುಟ್ಟದೆ ಭಾನುವಾರ ಬಸ್ಸಾರು, ಪಲ್ಯ ಹೊಟ್ಟೆತುಂಬ ತಿಂದಾಗ. ಆಗ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ರಕ್ತಪರೀಕ್ಷೆಯ ಅಂಕಿ) ಏರುಪೇರಾಗುತ್ತದೆ. ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಲಿ. ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಹೃದಯಕ್ಕೆ ಲೋಹದ ಕವಾಟ ಹಾಕಿದ್ದರೆ ಗುರಿ ಇನ್ನೂ ಹೆಚ್ಚಿರಬಹುದು, ವೈದ್ಯರನ್ನು ಕೇಳಿ.

ನನಗೆ ಹೆಚ್ಚು ಭಯವಿರುವುದು ಮಂಡಿನೋವಿಗೆಂದು ನೀವೇ ಮೆಡಿಕಲ್ ಶಾಪಿನಿಂದ ತರುವ ಮಾತ್ರೆಯದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು. ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡಬೇಡಿ. ತಲೆಗೆ ಪೆಟ್ಟು ಬಿದ್ದರಂತೂ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ದಿನ ಮಾತ್ರೆ ತಪ್ಪಿತೆಂದು ಮರುದಿನ ಎರಡು ಕೊಡಬೇಡಿ.